ಬ್ರಾಂಪ್ಟನ್, ಮಿಸ್ಸಿಸಾಗ ಕನ್ನಡಿಗರೇ: ಫುಡ್ ಬ್ಯಾಂಕ್‌ಗೆ ಜನ ಬೇಕು, ದುಡ್ಡೂ ಬೇಕು

ತುಂಗಾತೀರ (ಮೂಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ಓಡಾಟದಲ್ಲಿ ಎಲ್ಲರೂ ಬ್ಯುಸಿ ಇದ್ದೀರಿ ಅಂತ ಗೊತ್ತು. ಆದರೂ ಇದು ಈ ತಿಂಗಳೇ ಕೇಳಬೇಕಾದ ವಿಷಯ.

ಬ್ರಾಂಪ್ಟನ್ ಮತ್ತು ಮಿಸ್ಸಿಸಾಗ ಗಡಿಯಲ್ಲಿರುವ ಒಂದು ಸಣ್ಣ ಫುಡ್ ಬ್ಯಾಂಕ್‌ನಲ್ಲಿ ನಾನು ವಾಲಂಟಿಯರ್‌ಗಳ ಪಾಳಿ ನೋಡಿಕೊಳ್ಳುತ್ತೇನೆ. ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು: ಇಲ್ಲಿ ಅಡುಗೆ ಮಾಡಿ ಬಡಿಸುವುದಿಲ್ಲ. ಕಷ್ಟದಲ್ಲಿರುವ ಮನೆಗಳಿಗೆ ಕೆಲವು ದಿನಕ್ಕಾಗುವ ದಿನಸಿಯನ್ನು ಪುಕ್ಕಟೆ ಕೊಡುತ್ತೇವೆ. ಅಕ್ಕಿ, ಬೇಳೆ, ಹಾಲು, ಮೊಟ್ಟೆ, ತರಕಾರಿ, ಡಬ್ಬಿ ಸಾಮಾನು, ಮಕ್ಕಳ ಡೈಪರ್. ಸರ್ಕಾರದ್ದಲ್ಲ. ಜಾಗ ಒಂದು ಚರ್ಚಿನ ನೆಲಮಾಳಿಗೆ, ಆದರೆ ಯಾವ ಧರ್ಮದವರು ಬೇಕಾದರೂ ಬರಬಹುದು, ಬರುತ್ತಾರೆ.

ದೇಶದ ಲೆಕ್ಕ ನೋಡಿ. ಫುಡ್ ಬ್ಯಾಂಕ್ಸ್ ಕೆನಡಾ ಪ್ರತಿ ವರ್ಷ ಮಾರ್ಚ್ ತಿಂಗಳ ಭೇಟಿಗಳನ್ನು ಎಣಿಸಿ ಹಂಗರ್‌ಕೌಂಟ್ ಅನ್ನುವ ವರದಿ ತರುತ್ತದೆ. 2019ರ ಮಾರ್ಚ್‌ನಲ್ಲಿ ಸುಮಾರು 10.8 ಲಕ್ಷ ಭೇಟಿ ಇತ್ತು. 2025ರ ಮಾರ್ಚ್‌ನಲ್ಲಿ ಅದು ಸುಮಾರು 21.6 ಲಕ್ಷ. ಆರು ವರ್ಷದಲ್ಲಿ ಎರಡರಷ್ಟು. ಇದು ಒಂದೇ ತಿಂಗಳ ಲೆಕ್ಕ, ನೆನಪಿರಲಿ. ಇದರಲ್ಲಿ ಮೂರನೇ ಒಂದು ಭಾಗ ಮಕ್ಕಳು. ಬಂದವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಕೆಲಸದ ಸಂಬಳವೇ ಮುಖ್ಯ ಆದಾಯ. ಕೆಲಸ ಇದ್ದರೂ ಸಾಲದು ಅನ್ನುವ ಸ್ಥಿತಿ. ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ದಿನಸಿ ಕೊಳ್ಳಲು ಹೋದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಸಾಲೂ ಹಾಗೇ ಬೆಳೆದಿದೆ. ಮೊದಲು ಬಾಗಿಲು ತೆರೆದ ಮೇಲೆ ಜನ ಬರುತ್ತಿದ್ದರು. ಈಗ ತೆರೆಯುವ ಮೊದಲೇ ನಿಂತಿರುತ್ತಾರೆ. ದಾನ ಮಾತ್ರ ಆ ಪ್ರಮಾಣದಲ್ಲಿ ಬೆಳೆದಿಲ್ಲ. ಮೊದಲು ಕೊಡುತ್ತಿದ್ದ ಮನೆಗಳಲ್ಲಿ ಕೆಲವು ಈಗ ನಮ್ಮ ಸಾಲಿನಲ್ಲೇ ಇವೆ.

ನನ್ನ ಕೋರಿಕೆ ಎರಡೇ. ಒಂದು, ವಾರದ ದಿನ ಬೆಳಿಗ್ಗೆ ಬರಬಲ್ಲ ಜನ. ಶನಿವಾರಕ್ಕೆ ಜನ ಸಿಗುತ್ತಾರೆ, ಮಂಗಳವಾರಕ್ಕೆ ಸಿಗುವುದಿಲ್ಲ. ಎರಡು, ತಿಂಗಳು ತಿಂಗಳು ಬರುವ ಸಣ್ಣ ಮೊತ್ತ. ರಾಜ್ಯೋತ್ಸವದ ದಿನ ಬಾಗಿಲಲ್ಲಿ ಡಬ್ಬಿ ಇಟ್ಟು ದಿನಸಿ ಸಂಗ್ರಹಿಸೋಣ ಅಂತ ಸಂಘದ ಕೆಲವರು ಹೇಳಿದ್ದಾರೆ. ಸಂತೋಷ, ಬೇಡ ಅನ್ನುವುದಿಲ್ಲ. ಆದರೆ ನನಗೆ ನಿಜವಾಗಿ ಬೇಕಾಗಿರುವುದು ಮೇಲಿನ ಎರಡು. ಏನನ್ನಿಸುತ್ತದೆ ಹೇಳಿ.

ಕಾಫಿಪುಡಿ

ಒಳ್ಳೆಯ ಕೆಲಸ ಸರ್. ನನ್ನದು ಸ್ವಲ್ಪ ಸ್ವಾರ್ಥದ ಪ್ರಶ್ನೆ. ಮಗ ಹತ್ತನೇ ಗ್ರೇಡ್. ಡಿಪ್ಲೊಮಾ ಸಿಗಬೇಕಾದರೆ 40 ಗಂಟೆ ಸಮುದಾಯ ಸೇವೆ ಆಗಬೇಕಲ್ಲ. ನಿಮ್ಮಲ್ಲಿ ಮಾಡಿದರೆ ಸಹಿ ಹಾಕಿಕೊಡುತ್ತೀರಾ?

ತುಂಗಾತೀರ

ಖಂಡಿತ. ಸ್ವಾರ್ಥ ಏನೂ ಇಲ್ಲ, ನಮಗೂ ಜನ ಬೇಕು. ಒಂದೇ ಬೇಡಿಕೆ: ಹನ್ನೆರಡನೇ ಗ್ರೇಡ್ ಕೊನೆಯಲ್ಲಿ ಕಳಿಸಬೇಡಿ. ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ಗಂಟೆ ಬಾಕಿ ಇರುವ ಮಕ್ಕಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತಾರೆ. ಅಷ್ಟು ಜನಕ್ಕೆ ಕೆಲಸ ಇರುವುದಿಲ್ಲ. ಈಗ ಹತ್ತನೇ ಗ್ರೇಡ್ ಅಂದರೆ ಸರಿಯಾದ ಸಮಯ. ಶಾಲೆ ಬಿಟ್ಟ ಮೇಲೆ ಗುರುವಾರ ಸಂಜೆ ಡಬ್ಬಿ ವಿಂಗಡಿಸುವ ಪಾಳಿ ಇದೆ.

ರೊಟ್ಟಿ_ಪಲ್ಯ

ತಮ್ಮಾ, ನಾನು ಹುಬ್ಬಳ್ಳಿ ಕಡೆಯವಳು. ಮಗಳ ಮನೆಯಲ್ಲಿದ್ದೇನೆ. ಹಗಲು ಪೂರ್ತಿ ಖಾಲಿ. ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುವುದು ನನಗೆ ದೊಡ್ಡ ಮಾತಲ್ಲ, ಊರಲ್ಲಿ ಜಾತ್ರೆಗೆ ಮಾಡಿದವಳು. ಮಂಗಳವಾರ ಪಾತ್ರೆ ತುಂಬಿ ತರಲೇನು? ಪಾಪ, ಥಂಡಿಯಲ್ಲಿ ನಿಂತವರು ಬಿಸಿ ಬಿಸಿ ಉಣ್ಣಲಿ.

ತುಂಗಾತೀರ

ಅಮ್ಮಾ, ಓದಿಯೇ ಬಾಯಲ್ಲಿ ನೀರು ಬಂತು. ಆದರೆ ತೆಗೆದುಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಮಾಡಿದ ಅಡುಗೆ, ಮನೆಯಲ್ಲಿ ಕಟ್ಟಿದ ಪುಡಿ, ತೆರೆದ ಪ್ಯಾಕೆಟ್ ಯಾವುದನ್ನೂ ನಾವು ಹಂಚುವುದಿಲ್ಲ. ಬೇಯಿಸಿದ ಊಟ ಕೊಡಬೇಕಾದರೆ ಆರೋಗ್ಯ ಇಲಾಖೆ ತಪಾಸಣೆ ಮಾಡಿದ ಅಡುಗೆಮನೆ ಬೇಕು, ಆಹಾರ ಸುರಕ್ಷತೆಯ ತರಬೇತಿ ಪಡೆದವರು ಬೇಕು. ಡಿಕ್ಸಿ ರಸ್ತೆಯ ಗುರುದ್ವಾರದಲ್ಲಿ ಲಂಗರ್ ನಡೆಯುತ್ತದಲ್ಲ, ಅವರದು ದೊಡ್ಡ ಅಡುಗೆಮನೆ, ದೊಡ್ಡ ವ್ಯವಸ್ಥೆ. ನಮ್ಮಲ್ಲಿ ಒಂದು ಸಿಂಕ್ ಇದೆ, ಅಷ್ಟೇ.

ಆದರೆ ನೀವು ಬಂದರೆ ಬೇರೆ ದೊಡ್ಡ ಉಪಕಾರ ಆಗುತ್ತದೆ. ತೊಗರಿಬೇಳೆ ಚೀಲ ಬರುತ್ತದೆ. ಅದನ್ನು ಏನು ಮಾಡಬೇಕು ಅಂತ ಗೊತ್ತಿಲ್ಲದವರು ಬಿಟ್ಟು ಹೋಗುತ್ತಾರೆ. ಇನ್ನೊಂದು ಕಡೆ, ನಮ್ಮ ಹುಡುಗರಿಗೆ ಟರ್ನಿಪ್ ಕೊಟ್ಟರೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಇಡುತ್ತಾರೆ. ಒಂದು ಪಾತ್ರೆ, ಒಂದು ಒಲೆ, ಐದಾರು ಸಾಮಾನಿನಲ್ಲಿ ಆಗುವ ಅಡುಗೆ ಹೇಗೆ ಅಂತ ನೀವು ಹೇಳಿದರೆ ನಾವು ಇಂಗ್ಲಿಷಿನಲ್ಲಿ ಬರೆದು ಚೀಟಿ ಮಾಡಿ ಚೀಲದೊಳಗೆ ಹಾಕುತ್ತೇವೆ.

ರೊಟ್ಟಿ_ಪಲ್ಯ

ಅಷ್ಟೇ ತಾನೇ! ಟರ್ನಿಪ್ ಅಂದರೆ ಆ ಬಿಳಿ ಗಡ್ಡೆ ಅಲ್ಲೇನು? ನವಿಲುಕೋಸಿನ ಹಾಗೆ ಹೆಚ್ಚಿ, ಒಗ್ಗರಣೆ ಹಾಕಿ, ಶೇಂಗಾಪುಡಿ ಉದುರಿಸಿದರೆ ಚಲೋ ಪಲ್ಯ ಆಗುತ್ತದೆ. ಶೇಂಗಾ ಅಲರ್ಜಿ ಇದ್ದವರಿಗೆ ಕಾಯಿತುರಿ. ಬೇಳೆಗೆ ತೊವ್ವೆ ಸಾಕು: ಬೇಳೆ, ಅರಿಸಿನ, ಉಪ್ಪು, ಜೀರಿಗೆ, ಒಂದು ಹಸಿಮೆಣಸಿನಕಾಯಿ, ಕೊನೆಗೆ ನಿಂಬೆಹಣ್ಣು. ಕುಕ್ಕರ್ ಇಲ್ಲದಿದ್ದರೆ ರಾತ್ರಿ ನೆನೆಹಾಕಲಿ. ಮಗಳಿಗೆ ಟೈಪ್ ಮಾಡಿಸಿ ಕಳಿಸುತ್ತೇನೆ. ಮಂಗಳವಾರವೂ ಬರುತ್ತೇನೆ, ಬಸ್ಸಿನ ದಾರಿ ಹೇಳು.

ಪೀಲ್_ಪಯಣಿಗ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ಕಹಿ ಮಾತು ಹೇಳುತ್ತೇನೆ. ಬೈಯ್ಯಬೇಡಿ. ಈ ಸಾಲಿನಲ್ಲಿ ಎಷ್ಟು ಜನ ನಮ್ಮ ದೇಶದ ವಿದ್ಯಾರ್ಥಿಗಳು? ಇಲ್ಲಿಗೆ ಬರುವಾಗ ಖರ್ಚಿಗೆ ದುಡ್ಡಿದೆ ಅಂತ ತೋರಿಸಿಯೇ ವೀಸಾ ತೆಗೆದುಕೊಂಡವರು. 2024ರಲ್ಲಿ ಒಬ್ಬ ಫುಡ್ ಬ್ಯಾಂಕ್‌ನಿಂದ ಹೇಗೆ ಬಿಟ್ಟಿ ದಿನಸಿ ತರುತ್ತೇನೆ ಅಂತ ವಿಡಿಯೋ ಹಾಕಿ ನಮ್ಮೆಲ್ಲರ ಮಾನ ಕಳೆದ. ಬ್ರಾಂಪ್ಟನ್‌ನಲ್ಲೇ ಒಂದು ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ ಅಂತ ಬೋರ್ಡ್ ಹಾಕಿದ್ದರು. ವ್ಯಾಂಕೂವರ್‌ನ ದೊಡ್ಡ ಫುಡ್ ಬ್ಯಾಂಕ್ ಮೊದಲ ವರ್ಷದ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಆಫೀಸಿನಲ್ಲಿ ಇದರ ಮಾತು ಬಂದಾಗ ನಾನು ತಲೆ ತಗ್ಗಿಸಿ ಕೂರಬೇಕಾಯಿತು. ನಾನು ದುಡ್ಡು ಕೊಡುತ್ತೇನೆ, ಆದರೆ ಅದು ನಿಜವಾಗಿ ಹಸಿದವರಿಗೇ ಹೋಗುತ್ತದೆ ಅಂತ ಯಾರು ಹೇಳುತ್ತಾರೆ?

ಹಾಸನದ_ಹುಡುಗಿ

ಪಯಣಿಗ ಅಣ್ಣಾ, ಬೈಯ್ಯುವುದಿಲ್ಲ. ಉತ್ತರ ಮಾತ್ರ ಕೊಡುತ್ತೇನೆ. ನಾನು ಆ ಸಾಲಿನಲ್ಲಿ ನಿಂತಿದ್ದೇನೆ.

ದುಡ್ಡು ತೋರಿಸಿ ಬಂದಿದ್ದು ನಿಜ. ಬಹಳ ವರ್ಷ ಅದು 10,000 ಡಾಲರ್ ಇತ್ತು. 2024ರ ಜನವರಿಯಿಂದ 20,635 ಆಯಿತು, 2025ರ ಸೆಪ್ಟೆಂಬರ್‌ನಿಂದ 22,895. ನಾನು 10,000ದ ಕಾಲದಲ್ಲಿ ಬಂದವಳು. ಆ ದುಡ್ಡು ಒಂದು ವರ್ಷಕ್ಕೆ ಸಾಕು ಅಂತ ಸರ್ಕಾರದ ಲೆಕ್ಕ. ಬಾಡಿಗೆ ಕಟ್ಟಿದವರಿಗೆ ಗೊತ್ತು ಅದು ಎಷ್ಟು ತಿಂಗಳು ಬರುತ್ತದೆ ಅಂತ. ಲೆಕ್ಕ ತಪ್ಪು ಅಂತ ಸರ್ಕಾರಕ್ಕೂ ಅನ್ನಿಸಿದ್ದಕ್ಕೇ ಎರಡರಷ್ಟು ಮಾಡಿದ್ದು, ಅಲ್ವಾ?

ಓದು ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಕೆಲಸ ಮಾಡಬಹುದು. ಒಂಟಾರಿಯೋದ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 17.60. ಪೂರ್ತಿ 24 ಗಂಟೆ ಸಿಕ್ಕರೆ ವಾರಕ್ಕೆ 420ರ ಆಸುಪಾಸು. ಸಿಕ್ಕರೆ ಅಂದೆ. ಒಂದು ಅಂಗಡಿಯಲ್ಲಿ ಕೆಲಸಕ್ಕೆ ಕರೆದರೆ ನೂರಾರು ಜನ ಸಾಲು ನಿಲ್ಲುವ ವಿಡಿಯೋ ನೀವೂ ನೋಡಿರುತ್ತೀರಿ. ನನ್ನ ಗಂಟೆಗಳನ್ನು ಕಡಿಮೆ ಮಾಡಿದಾಗ ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅವರು ಇನ್ನೊಂದು ಸಾಲ ಮಾಡುತ್ತಿದ್ದರು. ಆ ಚಳಿಗಾಲದಲ್ಲಿ ಫುಡ್ ಬ್ಯಾಂಕ್‌ಗೆ ಹೋದೆ. ಅಕ್ಕಿ, ಹಾಲು, ರಾಜ್ಮಾ ಡಬ್ಬಿ, ಸೇಬು ಕೊಟ್ಟರು. ಯಾರೂ ವಿಡಿಯೋ ಮಾಡಲಿಲ್ಲ. ಕೆಲಸ ಮತ್ತೆ ಸಿಕ್ಕ ಮೇಲೆ ಹೋಗುವುದನ್ನು ಬಿಟ್ಟೆ.

ವಿಡಿಯೋ ಹಾಕಿದವನ ಮೇಲೆ ನಿಮಗಿಂತ ಜಾಸ್ತಿ ಸಿಟ್ಟು ನನಗಿದೆ. ಅವನಿಂದಾಗಿ ನಿಜವಾಗಿ ಬೇಕಾದವರು ಹೋಗಲು ನಾಚಿಕೊಂಡರು.

ಪೀಲ್_ಪಯಣಿಗ

ತಂಗಿ, ನಿನ್ನ ಮಾತು ಒಪ್ಪಿದೆ. ನನಗೆ ಸಿಟ್ಟಿರುವುದು ನಿನ್ನಂಥವರ ಮೇಲಲ್ಲ. ಆದರೂ ಪ್ರಶ್ನೆ ಹಾಗೇ ಇದೆ. ಫುಡ್ ಬ್ಯಾಂಕ್‌ನವರು ಪರೀಕ್ಷೆ ಮಾಡುತ್ತಾರಾ ಇಲ್ಲವಾ?

ಬಸವನ_ಬಾಗೇವಾಡಿ

ನಡುವೆ ಬಾಯಿ ಹಾಕುತ್ತೇನೆ. ಸಿದ್ಧಗಂಗೆಯಲ್ಲಿ ದಾಸೋಹಕ್ಕೆ ಹೋದವರನ್ನು ನಿನ್ನ ಸಂಬಳ ಎಷ್ಟು ಅಂತ ಯಾರಾದರೂ ಕೇಳುತ್ತಾರಾ? ಧರ್ಮಸ್ಥಳ, ಹೊರನಾಡು ಎಲ್ಲೂ ಕೇಳುವುದಿಲ್ಲ. ಕಾರಿನಲ್ಲಿ ಬಂದವರೂ ಉಣ್ಣುತ್ತಾರೆ, ಬರಿಗಾಲಲ್ಲಿ ಬಂದವರೂ ಉಣ್ಣುತ್ತಾರೆ. ನಮ್ಮ ಪದ್ಧತಿ ಅದು. ಇವನು ಯಾರವ ಅಂತ ಕೇಳದೆ ಇವ ನಮ್ಮವ ಅನ್ನಬೇಕು ಅಂತ ಕಲಿತ ನಾವು ಇಲ್ಲಿ ಬಂದು ಪೇ ಸ್ಲಿಪ್ ಕೇಳುವುದಾ?

ತುಂಗಾತೀರ

ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡುತ್ತೇನೆ. ಬಾಗೇವಾಡಿಯವರೇ, ಮನಸ್ಸು ನಿಮ್ಮ ಕಡೆಗೇ ಎಳೆಯುತ್ತದೆ. ಆದರೆ ದಾಸೋಹದಲ್ಲಿ ಒಬ್ಬ ಒಂದು ಊಟಕ್ಕಿಂತ ಜಾಸ್ತಿ ಉಣ್ಣಲಾರ. ಇಲ್ಲಿ ಕೊಡುವುದು ಚೀಲ. ಚೀಲಕ್ಕೆ ಮಿತಿ ಇರಬೇಕಾಗುತ್ತದೆ, ಇಲ್ಲದಿದ್ದರೆ ಮಧ್ಯಾಹ್ನ ಬಂದವರಿಗೆ ಏನೂ ಉಳಿಯುವುದಿಲ್ಲ.

ನಾವು ಮಾಡುವುದು ಇಷ್ಟು. ಮೊದಲ ಸಲ ಬಂದಾಗ ವಿಳಾಸದ ಒಂದು ದಾಖಲೆ ನೋಡುತ್ತೇವೆ, ಮನೆಯಲ್ಲಿ ಎಷ್ಟು ಜನ, ಎಷ್ಟು ಮಕ್ಕಳು ಅಂತ ಕೇಳುತ್ತೇವೆ. ಆದಾಯ ಎಲ್ಲಿಂದ, ಬಾಡಿಗೆ ಎಷ್ಟು ಅಂತಲೂ ಕೇಳುತ್ತೇವೆ. ಆ ಉತ್ತರ ಇಟ್ಟುಕೊಂಡು ಯಾರನ್ನೂ ವಾಪಸ್ ಕಳಿಸುವುದಿಲ್ಲ. ಸರದಿ ಪ್ರಕಾರ ದಿನಸಿ ಕೊಡುತ್ತೇವೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವುದಿಲ್ಲ. ಕೇಳುವ ಜಾಗಗಳಿವೆ, ಅದು ಅವರವರ ನಿಯಮ. ಸುಮ್ನೆ ಬರುವವರು ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಮೈನಸ್ ಹದಿನೈದರಲ್ಲಿ ಸಾಲು ನಿಂತು, ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಒಂದು ಚೀಲ ಸಾಮಾನಿಗೆ ಮೋಸ ಮಾಡುವಷ್ಟು ಲಾಭ ಇದರಲ್ಲಿ ಇಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಪ್ರೂಫ್ ಸಂಶೋಧನಾ ತಂಡ ಮೊದಲಿನಿಂದ ಹೇಳುತ್ತಿರುವುದು ಬೇರೆಯೇ: ಊಟಕ್ಕೆ ಕಷ್ಟ ಇರುವ ಮನೆಗಳಲ್ಲಿ ಹೆಚ್ಚಿನವು ಫುಡ್ ಬ್ಯಾಂಕ್ ಕಡೆ ಬರುವುದೇ ಇಲ್ಲ.

ಮಲೆನಾಡ_ಮಳೆ

ಪ್ರೂಫ್ ಹೆಸರು ಬಂತಲ್ಲ, ಅವರ ಲೆಕ್ಕ ಪೂರ್ತಿ ಹೇಳಿ ಸರ್. 2024ರಲ್ಲಿ ಹತ್ತು ಪ್ರಾಂತ್ಯಗಳ 25.5% ಜನ ಊಟದ ಖಾತ್ರಿ ಇಲ್ಲದ ಮನೆಗಳಲ್ಲಿದ್ದರು. ಸುಮಾರು ಒಂದು ಕೋಟಿ ಜನ. ಅದಕ್ಕೆ ಅವರು ಹೇಳುವ ಪರಿಹಾರ ದಿನಸಿ ಅಲ್ಲ, ಆದಾಯ.

ನನ್ನ ತಕರಾರು ಇದು. ಕೆನಡಾದ ಮೊದಲ ಫುಡ್ ಬ್ಯಾಂಕ್ 1981ರಲ್ಲಿ ಎಡ್ಮಂಟನ್‌ನಲ್ಲಿ ಶುರುವಾಯಿತು. ಟೊರಾಂಟೊದ ಡೈಲಿ ಬ್ರೆಡ್ ಫುಡ್ ಬ್ಯಾಂಕ್ 1983ರಲ್ಲಿ. ಆಗಿನ ಆರ್ಥಿಕ ಕುಸಿತ ದಾಟುವ ತನಕ ಅಂತ ಮಾಡಿದ ತಾತ್ಕಾಲಿಕ ಏರ್ಪಾಡು. ನಲವತ್ತು ವರ್ಷ ಆಯಿತು. ಟೊರಾಂಟೊದಲ್ಲಿ 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 41 ಲಕ್ಷ ಭೇಟಿ. ಒಂಟಾರಿಯೋ ವರ್ಕ್ಸ್ ಅನ್ನುವ ಪ್ರಾಂತ್ಯ ಸರ್ಕಾರದ ನೆರವಿನಲ್ಲಿ ಒಂಟಿ ಮನುಷ್ಯನಿಗೆ ಸಿಗುವುದು ತಿಂಗಳಿಗೆ 733 ಡಾಲರ್, 2018ರಿಂದ ಒಂದು ಡಾಲರ್ ಕೂಡ ಹೆಚ್ಚಿಲ್ಲ. ಆ ದುಡ್ಡಿಗೆ ಒಂದು ರೂಮೂ ಸಿಗುವುದಿಲ್ಲ. ನಾವು ಡಬ್ಬಿ ಕೊಡುತ್ತಾ ಹೋದಷ್ಟೂ ಸರ್ಕಾರಕ್ಕೆ ಹಾಯಾಗಿರುತ್ತದೆ. ಈ ಕೆಲಸಕ್ಕೆ ವಾಲಂಟಿಯರ್ ಆಗುವ ಬದಲು ಎಂಪಿಪಿ (ಪ್ರಾಂತ್ಯದ ಶಾಸಕರು) ಆಫೀಸಿನ ಮುಂದೆ ನಿಲ್ಲುವುದು ಒಳ್ಳೆಯದಲ್ಲವೇ?

ತುಂಗಾತೀರ

ನಿಮ್ಮ ಮಾತಿನಲ್ಲಿ ಒಂದು ಅಕ್ಷರವನ್ನೂ ತೆಗೆದುಹಾಕಲಾರೆ. ಆದರೆ ಎಂಪಿಪಿ ಉತ್ತರ ಕೊಡುವ ತನಕ ಮಂಗಳವಾರ ಬರುವುದು ನಿಲ್ಲುವುದಿಲ್ಲ. ಎರಡೂ ಮಾಡಬೇಕು. ನೋಂದಾಯಿತ ಚಾರಿಟಿ ಪಕ್ಷದ ಪರ ಪ್ರಚಾರ ಮಾಡುವಂತಿಲ್ಲ, ಆದರೆ ನೀತಿ ಬದಲಿಸಿ ಅಂತ ಕೇಳಲು ಈಗ ಕಾನೂನಿನ ಅಡ್ಡಿ ಇಲ್ಲ. ನಮ್ಮಲ್ಲಿ ಅಂಥ ಪತ್ರ ಬರೆಯುವವರು ಯಾರೂ ಇಲ್ಲ. ನೀವು ಬರೆದುಕೊಡುತ್ತೀರಾ? ಇದನ್ನೂ ಪಾಳಿ ಅಂತಲೇ ಬರೆದುಕೊಳ್ಳುತ್ತೇನೆ.

ಮಲೆನಾಡ_ಮಳೆ

ಸಿಕ್ಕಿಹಾಕಿಸಿದಿರಿ 😀 ಸರಿ, ಬರೆಯುತ್ತೇನೆ.

ವಿಜಯನಗರ_ಬಸ್‌ಸ್ಟಾಪ್

ಬೆಂಗಳೂರಿನಿಂದ ಓದುತ್ತಿದ್ದೇನೆ, ತಲೆ ತಿರುಗಿತು. ಅಷ್ಟು ದೊಡ್ಡ ದೇಶದಲ್ಲಿ ರೇಷನ್ ಕಾರ್ಡ್ ಇಲ್ವಾ? ನಮ್ಮಲ್ಲಿ 2013ರಿಂದ ಅನ್ನಭಾಗ್ಯ ಇದೆ, ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆ ಬಂತು. 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂತು, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ತೊಂದರೆ ಎಷ್ಟೇ ಇರಲಿ, ಅಕ್ಕಿ ಸಿಗಲಿಲ್ಲ ಅಂದರೆ ಜಗಳ ಆಡಲು ಒಂದು ಕೌಂಟರ್ ಇದೆ.

ತುಂಗಾತೀರ

ಇಲ್ಲ ಸರ್, ರೇಷನ್ ಅಂಗಡಿ ಅನ್ನುವುದೇ ಇಲ್ಲ. ಮಕ್ಕಳಿದ್ದರೆ ತಿಂಗಳಿಗೆ ದುಡ್ಡು ಬರುತ್ತದೆ, ಕೆಲಸ ಹೋದರೆ ವಿಮೆ ಇದೆ, ಎಲ್ಲವೂ ನಗದು. ಶಾಲೆಯಲ್ಲಿ ಊಟ ಕೊಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2024ರ ಬಜೆಟ್‌ನಲ್ಲಿ ಮೊದಲ ಸಲ ಹಣ ಇಟ್ಟರು, ಐದು ವರ್ಷಕ್ಕೆ 100 ಕೋಟಿ ಡಾಲರ್. ಬಿಸಿಯೂಟದ ವಿಷಯದಲ್ಲಿ ನಾವು ಅವರಿಗಿಂತ ಬಹಳ ಮುಂದೆ. ಜಗಳ ಆಡುವ ಕೌಂಟರ್ ಅಂದಿರಲ್ಲ, ಅದು ಸರಿಯಾದ ಮಾತು. ಫುಡ್ ಬ್ಯಾಂಕ್‌ನಲ್ಲಿ ಯಾರಿಗೂ ಹಕ್ಕಿಲ್ಲ. ಅಕ್ಕಿ ಖಾಲಿಯಾದರೆ ಖಾಲಿ.

ಲಂಡನ್_ಕನ್ನಡಿಗ

ಇಲ್ಲೂ ಅದೇ ಕತೆ. ಟ್ರಸೆಲ್ ಸಂಸ್ಥೆಯ ಫುಡ್ ಬ್ಯಾಂಕ್‌ಗಳು 2024-25ರಲ್ಲಿ 28.9 ಲಕ್ಷ ಪೊಟ್ಟಣ ಕೊಟ್ಟಿವೆ. ಅವರ ಮೊದಲ ಫುಡ್ ಬ್ಯಾಂಕ್ 2000ದಲ್ಲಿ ಸಾಲಿಸ್‌ಬರಿಯಲ್ಲಿ ಶುರುವಾಗಿದ್ದು. ಅದೇ ವರ್ಷ ಬೆಂಗಳೂರಿನಲ್ಲಿ ಶುರುವಾದ ಅಕ್ಷಯಪಾತ್ರ ಈಗ ಲಂಡನ್ ಪಕ್ಕದ ವಾಟ್‌ಫೋರ್ಡ್‌ನಲ್ಲೂ ಅಡುಗೆಮನೆ ಇಟ್ಟಿದೆ. ನಮ್ಮ ಕಡೆಯಿಂದ ಇಲ್ಲಿಗೆ ಬಂದ ಒಳ್ಳೆಯ ಸಂಗತಿ ಅಂತ ಹೇಳಿದೆ, ಅಷ್ಟೇ.

ಲೆಕ್ಕದ_ಮೇಷ್ಟ್ರು

ದುಡ್ಡಿನ ವಿಷಯಕ್ಕೆ ಬರೋಣ. ನಾನು ಇಲ್ಲಿ ತೆರಿಗೆ ರಿಟರ್ನ್ ಮಾಡಿಕೊಡುವವನು. ಪ್ರತಿ ವರ್ಷ ನಮ್ಮವರು ದಾನದ ರಸೀದಿ ಇಲ್ಲದೆ ಬಂದು ಕೂರುತ್ತಾರೆ.

ದಾನ ಕೊಡುವ ಮೊದಲು ಸಿಆರ್‌ಎ (ಕೆನಡಾದ ತೆರಿಗೆ ಇಲಾಖೆ) ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹಾಕಿ ನೋಡಿ. ನೋಂದಾಯಿತ ಚಾರಿಟಿಗಳ ಪಟ್ಟಿ ಸಾರ್ವಜನಿಕ. ನೋಂದಣಿ ಸಂಖ್ಯೆಯ ಕೊನೆಗೆ ಆರ್‌ಆರ್ ಅಂತ ಇದ್ದು ಆಮೇಲೆ ನಾಲ್ಕು ಅಂಕೆ ಇರುತ್ತವೆ. ಅವರು ವರ್ಷಕ್ಕೊಮ್ಮೆ ಸಲ್ಲಿಸುವ ಟಿ3010 ಫಾರ್ಮ್ ಕೂಡ ಅಲ್ಲೇ ಸಿಗುತ್ತದೆ. ಎಷ್ಟು ದುಡ್ಡು ಬಂತು, ಎಷ್ಟು ಸಂಬಳಕ್ಕೆ ಹೋಯಿತು, ಎಷ್ಟು ಕೈಯಲ್ಲಿ ಉಳಿದಿದೆ ಎಲ್ಲ ಇರುತ್ತದೆ. ಪಯಣಿಗರ ಅನುಮಾನಕ್ಕೆ ಅರ್ಧ ಉತ್ತರ ಅಲ್ಲಿದೆ.

ತೆರಿಗೆಯಲ್ಲಿ ಸಿಗುವ ರಿಯಾಯಿತಿ ಮೊದಲ 200 ಡಾಲರ್ ದಾನಕ್ಕೆ ಕಡಿಮೆ ದರದಲ್ಲಿ. ಅದಕ್ಕಿಂತ ಮೇಲಿನದಕ್ಕೆ ಕೇಂದ್ರದ್ದು 29%, ಒಂಟಾರಿಯೋದ್ದು 11.16%, ಎರಡೂ ಸೇರಿ 40 ದಾಟುತ್ತದೆ. ತಿಂಗಳಿಗೆ 50ರಂತೆ ವರ್ಷಕ್ಕೆ 600 ಕೊಟ್ಟರೆ ತೆರಿಗೆಯಲ್ಲಿ ಸುಮಾರು 200 ಇಳಿಯುತ್ತದೆ. ಅಂದರೆ ನಿಮ್ಮ ಕೈಯಿಂದ ಹೋಗುವುದು 400ರಷ್ಟು. ಗಂಡ ಹೆಂಡತಿ ಇಬ್ಬರ ರಸೀದಿಯನ್ನೂ ಒಬ್ಬರ ರಿಟರ್ನ್‌ನಲ್ಲಿ ಹಾಕಿದರೆ ಆ 200ರ ಮಿತಿಯನ್ನು ಒಂದೇ ಸಲ ದಾಟಿದರೆ ಸಾಕು. ಈ ವರ್ಷ ಬೇಡವಾದರೆ ಮುಂದಿನ ಐದು ವರ್ಷದ ತನಕ ಇಟ್ಟುಕೊಳ್ಳಬಹುದು. ಷೇರು ಬೆಲೆ ಏರಿ ಲಾಭದಲ್ಲಿದ್ದರೆ ಅದನ್ನು ಮಾರಿ ದುಡ್ಡು ಕೊಡಬೇಡಿ, ಷೇರನ್ನೇ ಕೊಡಿ. ಲಾಭದ ತೆರಿಗೆ ಬೀಳುವುದಿಲ್ಲ. ಸಣ್ಣ ಫುಡ್ ಬ್ಯಾಂಕ್‌ಗೆ ಡಿಮ್ಯಾಟ್ ಖಾತೆ ಇರುವುದಿಲ್ಲ, ಆದರೆ ಕೆನಡಾಹೆಲ್ಪ್ಸ್ ಅನ್ನುವ ಆನ್‌ಲೈನ್ ದಾನದ ತಾಣದ ಮೂಲಕ ಆಗುತ್ತದೆ. ಅವರು ಸ್ವಲ್ಪ ಶುಲ್ಕ ಹಿಡಿದುಕೊಳ್ಳುತ್ತಾರೆ.

ದೊಡ್ಡ ಕಂಪನಿಯಲ್ಲಿ ಇರುವವರು ಎಚ್‌ಆರ್ ಪೋರ್ಟಲ್ ನೋಡಿ. ನೀವು ಕೊಟ್ಟಷ್ಟೇ ಕಂಪನಿಯೂ ಕೊಡುವ ಯೋಜನೆ ಬಹಳ ಕಡೆ ಇದೆ. ಕೆಲವು ಕಡೆ ನೀವು ವಾಲಂಟಿಯರ್ ಮಾಡಿದ ಗಂಟೆಗೆ ಇಷ್ಟು ಅಂತ ಸಂಸ್ಥೆಗೆ ದುಡ್ಡು ಬರುತ್ತದೆ. ನಮ್ಮ ಐಟಿ ಹುಡುಗರು ಇದನ್ನು ಬಳಸುವುದೇ ಇಲ್ಲ.

ಕಾಫಿಪುಡಿ

ಮೇಷ್ಟ್ರೇ, ಐದು ವರ್ಷದಿಂದ ಆ ಪೋರ್ಟಲ್‌ನಲ್ಲಿ ರಜೆ ಹಾಕುವುದು ಬಿಟ್ಟು ಬೇರೇನೂ ನೋಡಿರಲಿಲ್ಲ. ಈಗ ನೋಡಿದೆ. ಇದೆ!

ಜಯನಗರ_ಜಾಣ

ಎಲ್ಲ ಸರಿ, ಆದರೆ ದುಡ್ಡು ಯಾಕೆ? ನಾನು ಕಾಸ್ಟ್ಕೋದಿಂದ ಅಕ್ಕಿ ಮೂಟೆ ತಂದುಕೊಟ್ಟರೆ ಅದು ಅಕ್ಕಿಯಾಗಿಯೇ ಜನರಿಗೆ ಹೋಗುತ್ತದೆ. ದುಡ್ಡು ಕೊಟ್ಟರೆ ಕರೆಂಟ್ ಬಿಲ್, ಬಾಡಿಗೆ ಅಂತ ಕರಗುತ್ತದೆ. ನನಗೆ ಜನರ ಹೊಟ್ಟೆಗೆ ಹೋಗಬೇಕು.

ತುಂಗಾತೀರ

ಈ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ.

ಅಕ್ಕಿ ಮೂಟೆ ಬಂದರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತೇವೆ. ಆದರೆ ಹಾಲು, ಮೊಟ್ಟೆ, ಮೊಸರು, ತರಕಾರಿಯನ್ನು ಯಾರೂ ಡಬ್ಬಿಯಲ್ಲಿ ಹಾಕಿ ಹೋಗುವುದಿಲ್ಲ. ಮಕ್ಕಳಿರುವ ಮನೆಗೆ ಮೊದಲು ಬೇಕಾಗುವುದು ಅವೇ. ಅವನ್ನು ನಾವೇ ಕೊಳ್ಳಬೇಕು, ತಣ್ಣಗಿಡಬೇಕು. ಹೋಲ್‌ಸೇಲ್‌ನವರು ಪ್ಯಾಲೆಟ್ ಲೆಕ್ಕದಲ್ಲಿ ಕೊಡುವ ಬೆಲೆ ನಿಮಗೂ ನನಗೂ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಹತ್ತು ಡಾಲರ್‌ಗೆ ನೀವು ತರುವುದಕ್ಕಿಂತ ನಾವು ಜಾಸ್ತಿ ತರುತ್ತೇವೆ.

ಇನ್ನು ಕರೆಂಟ್ ಬಿಲ್. ಸೂಪರ್‌ಮಾರ್ಕೆಟ್‌ಗಳು ದಿನಾಂಕ ಹತ್ತಿರ ಬಂದ ಮೊಸರು, ಬ್ರೆಡ್, ಸೊಪ್ಪು ಕೊಡಲು ತಯಾರಿವೆ. ಸೆಕೆಂಡ್ ಹಾರ್ವೆಸ್ಟ್ ಅನ್ನುವ ಸಂಸ್ಥೆಯ ಆ್ಯಪ್‌ನಲ್ಲಿ ಅಂಗಡಿಯವರು ಹಾಕಿದ ತಕ್ಷಣ ನಮಗೆ ಗೊತ್ತಾಗುತ್ತದೆ. ಈ ದೇಶದ ಆಹಾರದಲ್ಲಿ 46.5% ಹಾಳಾಗುತ್ತದೆ ಅಂತ ಅವರದೇ ವರದಿ ಹೇಳುತ್ತದೆ. ದಾನ ಕೊಟ್ಟವರ ಮೇಲೆ ಕೇಸು ಬೀಳದ ಹಾಗೆ ಒಂಟಾರಿಯೋದಲ್ಲಿ 1994ರಿಂದಲೇ ಕಾನೂನು ಇದೆ. ಹೀಗೆ ಬೇಕಾದಷ್ಟು ಪುಕ್ಕಟೆ ಸಿಗುತ್ತದೆ. ಹೋಗಿ ತರಲು ವ್ಯಾನ್ ಬೇಕು, ಡೀಸೆಲ್ ಬೇಕು, ಡ್ರೈವರ್ ಬೇಕು, ತಂದಿದ್ದನ್ನು ಇಡಲು ಫ್ರಿಜ್ ಬೇಕು. ಇದಕ್ಕೆ ಗ್ರಾಂಟ್ ಕೇಳಿದರೆ ಹೊಸ ಯೋಜನೆ ಏನು ಅಂತ ಕೇಳುತ್ತಾರೆ. ನಮ್ಮದು ಹಳೇ ಯೋಜನೆಯೇ ಸ್ವಾಮಿ, ಹಸಿದವರಿಗೆ ಕೊಡುವುದು. ಫ್ರಿಜ್ ಕೊಡಿಸುವ ಗ್ರಾಂಟ್ ಸಿಗುತ್ತದೆ. ಆ ಫ್ರಿಜ್ಜಿನ ಕರೆಂಟ್ ಬಿಲ್ ಕಟ್ಟುವ ಗ್ರಾಂಟ್ ಎಲ್ಲೂ ಇಲ್ಲ. ಅದಕ್ಕೇ ತಿಂಗಳ ದುಡ್ಡು ಕೇಳುವುದು. 20 ಡಾಲರ್ ಆದರೂ ಸರಿ, ಫೆಬ್ರುವರಿಯಲ್ಲೂ ಬರುತ್ತದೆ ಅಂತ ಗೊತ್ತಿದ್ದರೆ ನಾವು ಹಾಲಿಗೆ ಆರ್ಡರ್ ಕೊಡಬಹುದು. ಡಿಸೆಂಬರ್‌ನಲ್ಲಿ ಎಲ್ಲರಿಗೂ ಕರುಣೆ ಉಕ್ಕುತ್ತದೆ, ಡಬ್ಬಿ ಇಡಲು ಜಾಗ ಇರುವುದಿಲ್ಲ. ಜನವರಿ ಮೂರನೇ ವಾರಕ್ಕೆ ಕಪಾಟು ಬೋಳು. ಜುಲೈ ಇನ್ನೂ ಕಷ್ಟ, ದಾನಿಗಳೆಲ್ಲ ಕಾಟೇಜ್‌ನಲ್ಲಿ.

2024ರ ಕೊನೆಯಲ್ಲಿ ಕೆನಡಾ ಪೋಸ್ಟ್ ಮುಷ್ಕರ ಆಯಿತಲ್ಲ, ಚೆಕ್ ನಂಬಿದ ಸಂಸ್ಥೆಗಳೆಲ್ಲ ಒದ್ದಾಡಿದವು. ವರ್ಷಪೂರ್ತಿ ಬರಬೇಕಾದ ದುಡ್ಡು ಒಂದೇ ತಿಂಗಳ ಮೇಲೆ ನಿಂತರೆ ಹೀಗೇ.

ಜಯನಗರ_ಜಾಣ

ಸರಿ, ಕರೆಂಟ್ ಬಿಲ್ ವಾದ ಒಪ್ಪಿದೆ. ಆದರೂ ಒಂದು ಅಕ್ಕಿ ಮೂಟೆ ತರುತ್ತೇನೆ. ಮನಸ್ಸಿನ ಸಮಾಧಾನಕ್ಕೆ.

ತುಂಗಾತೀರ

ತನ್ನಿ ತನ್ನಿ. ಸೋನಾಮಸೂರಿ ಆದರೆ ಬಹಳ ಸಂತೋಷ, ಬಾಸ್ಮತಿ ಬೇಡ ಅನ್ನುವ ದಕ್ಷಿಣದ ಹುಡುಗರು ಇದ್ದಾರೆ 😀

ಕೆಂಗೇರಿ_ಕೃಷ್ಣೆ

ಬಾಕ್ಸಿಗೆ ಸಾಮಾನು ಹಾಕುವವರಿಗೂ ಒಂದು ಮಾತು ಹೇಳಿ ಸರ್. ಹಿಂದೆ ನಾನು ಬೇರೆ ಕಡೆ ವಿಂಗಡಿಸುವ ಕೆಲಸ ಮಾಡುತ್ತಿದ್ದಾಗ ಯಾರೋ ಎಂಟು ವರ್ಷ ಹಳೆಯ ಸೂಪ್ ಡಬ್ಬಿ ಕಳಿಸಿದ್ದರು. ಮನೆ ಖಾಲಿ ಮಾಡುವಾಗ ಸಿಕ್ಕಿದ್ದೆಲ್ಲ ಬಡವರಿಗೆ ಅನ್ನುವ ಬುದ್ಧಿ. ಇನ್ನೊಂದು ಕಡೆ, ಬೆಸ್ಟ್ ಬಿಫೋರ್ ನಿನ್ನೆ ಮುಗಿಯಿತು ಅಂತ ಚೆನ್ನಾಗಿರುವ ಪಾಸ್ತಾವನ್ನು ಕಸಕ್ಕೆ ಹಾಕುವವರೂ ಇದ್ದಾರೆ.

ತುಂಗಾತೀರ

ಸರಿಯಾಗಿ ಹೇಳಿದಿರಿ. ಬೆಸ್ಟ್ ಬಿಫೋರ್ ಅಂದರೆ ಆ ದಿನದ ತನಕ ರುಚಿ, ತಾಜಾತನ ಹಾಗೇ ಇರುತ್ತದೆ ಅಂತ. ಮರುದಿನ ವಿಷ ಆಗುತ್ತದೆ ಅಂತಲ್ಲ. ದಾಟಿದ ಮೇಲೂ ಮಾರಲು ಇಲ್ಲಿ ಕಾನೂನು ಬಿಡುತ್ತದೆ. ನಿಜವಾದ ಎಕ್ಸ್‌ಪೈರಿ ದಿನಾಂಕ ಕಡ್ಡಾಯ ಇರುವುದು ಶಿಶುಗಳ ಫಾರ್ಮುಲಾ, ಊಟದ ಬದಲಿಗೆ ಕುಡಿಯುವ ಪೌಷ್ಟಿಕ ಪಾನೀಯದಂಥ ಕೆಲವೇ ವಸ್ತುಗಳಿಗೆ. ಅವು ದಾಟಿದ್ದರೆ ಮುಟ್ಟುವ ಹಾಗಿಲ್ಲ. ಶಿಶುಗಳ ಫಾರ್ಮುಲಾ ತರುವವರು ದಿನಾಂಕ ನೋಡಿ ತನ್ನಿ. ಅದು ನಮ್ಮಲ್ಲಿ ಯಾವಾಗಲೂ ಕೊರತೆ, ಬೆಲೆಯೂ ಜಾಸ್ತಿ.

ಮನೆಯಲ್ಲಿ ನೀವು ತಿನ್ನುವುದಾದರೆ ತನ್ನಿ. ತಿನ್ನುವುದಿಲ್ಲ ಅಂದರೆ ತರಬೇಡಿ.

ಹಾಸನದ_ಹುಡುಗಿ

ಸರ್, ನಾನು ಮಂಗಳವಾರ ಬೆಳಿಗ್ಗೆ ಬರಬಹುದು, ಕ್ಲಾಸ್ ಮಧ್ಯಾಹ್ನ. ಸ್ಟಡಿ ಪರ್ಮಿಟ್‌ನಲ್ಲಿ ಇದು ತೊಂದರೆ ಆಗುವುದಿಲ್ಲವಾ? 24 ಗಂಟೆಯ ಲೆಕ್ಕಕ್ಕೆ ಸೇರುತ್ತದಾ?

ತುಂಗಾತೀರ

ಸಂಬಳ ಇಲ್ಲದ, ಸಾಮಾನ್ಯವಾಗಿ ಯಾರಿಗೂ ಸಂಬಳ ಕೊಡದ ಇಂಥ ಸೇವೆ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ, ಮನಸ್ಸಿಗೆ ನೆಮ್ಮದಿ. ಬಂದರೆ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರಿಸುತ್ತೇನೆ. ಮೊದಲ ಸಲ ಬಂದವರ ಮುಖ ನೋಡಿ ಮಾತಾಡಿಸುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಿಂದಿ, ಪಂಜಾಬಿ ಸ್ವಲ್ಪ ಬಂದರೆ ಇನ್ನೂ ಒಳ್ಳೆಯದು.

ಪೀಲ್_ಪಯಣಿಗ

ನಾನು ಟಿ3010 ನೋಡಿದೆ. ಸಂಬಳಕ್ಕೆ ಹೋಗುವುದು ಬಹಳ ಕಡಿಮೆ, ಉಳಿತಾಯ ಅಂತ ಹೇಳುವಂಥದ್ದು ಏನೂ ಇಲ್ಲ. ತಿಂಗಳಿಗೆ 50 ಹಾಕುತ್ತೇನೆ. ಕಂಪನಿ ಕಡೆಯಿಂದಲೂ ಅಷ್ಟೇ ಬರುತ್ತದೆ. ಮಂಗಳವಾರ ಬರಲಾರೆ, ಕೆಲಸ. ಆದರೆ ನನ್ನ ಹತ್ತಿರ ದೊಡ್ಡ ವ್ಯಾನ್ ಇದೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬ್ರೆಡ್, ಮೊಸರು ಎತ್ತಿಕೊಂಡು ಬರುವ ಕೆಲಸ ಇದ್ದರೆ ಹೇಳಿ.

ತುಂಗಾತೀರ

ಇದೆಯಾ ಅಂತ ಕೇಳುತ್ತೀರಾ! ಬುಧವಾರ ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡು ಹೋಗಿ ಅಂತ ಒಂದು ಅಂಗಡಿಯವರು ಕರೆಯುತ್ತಿದ್ದಾರೆ, ಡ್ರೈವರ್ ಇಲ್ಲದೆ ಬೇಡ ಅನ್ನುತ್ತಿದ್ದೆವು. ನಿಮ್ಮ ವಿಮೆ ಏಜೆಂಟಿಗೆ ವಾಲಂಟಿಯರ್ ಡ್ರೈವಿಂಗ್ ಅಂತ ಒಂದು ಮಾತು ತಿಳಿಸಿ ಇಡಿ. ಮೊಸರಿಗೆ ಐಸ್ ಬಾಕ್ಸ್ ನಾವು ಕೊಡುತ್ತೇವೆ.

ಬಸವನ_ಬಾಗೇವಾಡಿ

ನಾನು ಸಂಘದ ಕಾರ್ಯಕ್ರಮ ಸಮಿತಿಯಲ್ಲಿದ್ದೇನೆ. ರಾಜ್ಯೋತ್ಸವದ ದಿನ ವೇದಿಕೆಯಲ್ಲಿ ಭಾಷಣ ಬೇಡ, ಯಾರೂ ಕೇಳುವುದಿಲ್ಲ. ಊಟದ ಸಾಲಿನ ಪಕ್ಕ ಒಂದು ಮೇಜು ಕೊಡುತ್ತೇನೆ. ಹೋಳಿಗೆಗೆ ಕಾಯುವಾಗ ಜನ ಫೋನ್ ಹಿಡಿದು ಸುಮ್ನೆ ನಿಂತಿರುತ್ತಾರೆ, ಆಗ ಕ್ಯೂಆರ್ ಕೋಡ್ ತೋರಿಸಿದರೆ ಕೆಲಸ ಆಗುತ್ತದೆ.

ತುಂಗಾತೀರ

ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮೇಜಿನ ಮೇಲೆ ಎರಡು ಹಾಳೆ ಇಡುತ್ತೇನೆ, ಒಂದು ತಿಂಗಳ ದಾನಕ್ಕೆ, ಇನ್ನೊಂದು ಪಾಳಿಗೆ. ಜನ ಸಿಗುವುದೇ ಈಗ ಕಷ್ಟ. ಸ್ಟ್ಯಾಟಿಸ್ಟಿಕ್ಸ್ ಕೆನಡಾ ಪ್ರಕಾರ ಸಂಸ್ಥೆಗಳಲ್ಲಿ ವಾಲಂಟಿಯರ್ ಮಾಡುವವರು 2018ರಲ್ಲಿ 41% ಇದ್ದರು, 2023ಕ್ಕೆ 32% ಆದರು. ಕೋವಿಡ್‌ನಲ್ಲಿ ಮನೆಯಲ್ಲಿ ಕೂತ ಹಿರಿಯರಲ್ಲಿ ಕೆಲವರು ನಮ್ಮಲ್ಲಿಗೂ ವಾಪಸ್ ಬರಲಿಲ್ಲ. ಹಾಗಾಗಿ ದುಡ್ಡಿನ ಹಾಳೆಗಿಂತ ಪಾಳಿಯ ಹಾಳೆ ತುಂಬಿದರೆ ನನಗೆ ಜಾಸ್ತಿ ಖುಷಿ.

ರೊಟ್ಟಿ_ಪಲ್ಯ

ಬಸ್ಸಿನ ದಾರಿ ಇನ್ನೂ ಹೇಳಲಿಲ್ಲ ನೀನು.

ತುಂಗಾತೀರ

ಅಮ್ಮಾ, ನಿಮ್ಮ ಮನೆ ಎಲ್ಲಿ ಅಂತ ಖಾಸಗಿ ಮೆಸೇಜ್ ಮಾಡಿ, ದಾರಿಯಲ್ಲಿ ಬರುವ ಯಾರಿಗಾದರೂ ಕರೆದುಕೊಂಡು ಬರಲು ಹೇಳುತ್ತೇನೆ.

ಮಂಗಳವಾರ ಬರುವವರೆಲ್ಲ ಒಂಬತ್ತಕ್ಕೆ ಮೊದಲು ಹಿಂದಿನ ಬಾಗಿಲಿಗೆ ಬನ್ನಿ, ಮುಂದೆ ಸಾಲು ಇರುತ್ತದೆ. ಬೆರಳು ಮುಚ್ಚುವ ಶೂ ಕಡ್ಡಾಯ, ಚಪ್ಪಲಿ ಹಾಕಿದರೆ ಒಳಗೆ ಬಿಡುವುದಿಲ್ಲ. ಬೆನ್ನು ನೋವು ಇರುವವರು ಮೊದಲೇ ಹೇಳಿ, ಕೂತು ಮಾಡುವ ಕೆಲಸವೂ ಇದೆ. ಪಾರ್ಕಿಂಗ್ ಪುಕ್ಕಟೆ, ಆದರೆ ಡೇ ಕೇರ್ ಮುಂದೆ ನಿಲ್ಲಿಸಬೇಡಿ, ಟೋ ಮಾಡುತ್ತಾರೆ.